ಬೆಂಚಿನವರ ಸೀಟಿ

ಫೆಬ್ರುವರಿ 6, ಶುಕ್ರವಾರ

ಇವತ್ತು ನನ್ನ ಚೀಲ ರಿಪೇರಿ ಅಂಗಡಿಯ ಬೆಂಚು ಮುರಿಯದೆ ಉಳಿದದ್ದೇ ಹೆಚ್ಚು. ಬೆಳಗಿನಿಂದ ಒಂದೇ ಜಗಳ. ಬ್ಯಾಸ್ಕೆಟ್‌ಬಾಲಿನಲ್ಲಿ ನಮ್ಮ ತಂಡ ಮೂರು ಪಾಯಿಂಟ್ ಮುಂದಿದೆ, ಆಟ ಮುಗಿಯಲು ಕೆಲವೇ ಸೆಕೆಂಡು ಉಳಿದಿದೆ, ಚೆಂಡು ಎದುರಾಳಿಯ ಕೈಯಲ್ಲಿದೆ. ಆಗ ಬೇಕೆಂದೇ ಫೌಲ್ ಮಾಡಬೇಕೋ, ಕೈ ಎತ್ತಿಕೊಂಡು ಅಡ್ಡ ನಿಲ್ಲಬೇಕೋ? ಭಾನುವಾರ ಮಹಿಳಾ ಕಾಲೇಜುಗಳ ಫೈನಲ್ ಶುರು. ಮೂರು ಆಟದಲ್ಲಿ ಎರಡು ಗೆದ್ದವರಿಗೆ ಕಪ್ಪು. ಅದಕ್ಕೇ ಈ ಕಾವು.

"ಫೌಲ್ ಮಾಡ್ಬೇಕು. ಲೆಕ್ಕ ಸುಲಭ," ಎಂದರು ಲೆಕ್ಕದ ಮೇಷ್ಟ್ರು. "ಅವರಿಗೆ ಎರಡು ಫ್ರೀ ಥ್ರೋ ಸಿಗುತ್ತೆ. ಎರಡೂ ಹಾಕಿದ್ರೂ ನಾವೇ ಒಂದು ಮುಂದೆ. ಸುಮ್ನೆ ಬಿಟ್ರೆ ದೂರದಿಂದ ಎಸೆದು ಮೂರು ಹಾಕ್ತಾರೆ, ಸಮ ಆಗಿಬಿಡುತ್ತೆ."

"ಲೆಕ್ಕ ನಿಮ್ ಹುಡುಗರಿಗೆ ಹೇಳಿ ಮೇಷ್ಟ್ರೇ," ಎಂದರು ಬಸ್ಸಣ್ಣ. ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಅವರ ಸೀಟು ನನ್ನ ಬೆಂಚಿನ ಬಾಗಿಲ ಕಡೆಯ ತುದಿ. "ಮುಂದಿರೋರು ಯಾಕೆ ಹೆದರ್ಬೇಕು? ನೆಟ್ಟಗೆ ಅಡ್ಡ ನಿಂತು ಆಡ್ಲಿ."

ಔಷಧಿ ಅಂಗಡಿಯ ಅಮ್ಮ ಇಬ್ಬರಿಗೂ ತಲೆಯಾಡಿಸಿ ಕಡೆಗೆ ನನ್ನ ಮುಖ ನೋಡಿದಳು. ನಾನು ಒಂದು ಸೂಟ್‌ಕೇಸಿನ ಝಿಪ್ಪಿಗೆ ಹೊಸ ರನ್ನರ್ ಕೂರಿಸುತ್ತಿದ್ದೆ. ಇಕ್ಕಳ ಕೆಳಗಿಟ್ಟು ತೀರ್ಪು ಕೊಟ್ಟೆ. ಈ ಬೀದಿಯಲ್ಲಿ ಕಾಲೇಜು ತಂಡಕ್ಕೆ ಆಡಿದವಳು ನಾನೊಬ್ಬಳೇ. ಆಡಿದ್ದು ಮಣ್ಣಿನ ಅಂಕಣದಲ್ಲಿ, ಅದಕ್ಕೇನೀಗ? ಫೌಲ್ ಮಾಡಬೇಕು, ಅದೂ ರೆಫ್ರಿಯ ಕಣ್ಣಿಗೆ ಬೀಳುವಂತೆ ಮಾಡಬೇಕು. ಮೈಗೆ ಮೈ ಸವರಿದರೆ ರೆಫ್ರಿ ಸೀಟಿ ಊದುವುದಿಲ್ಲ, ಅಷ್ಟರಲ್ಲಿ ಆ ಕಡೆಯವಳು ಎಸೆದುಬಿಡುತ್ತಾಳೆ. ಅಲ್ಲಿಗೆ ಜಗಳ ಮುಗಿಯಿತು.

ಸಂಜೆ ಮಿಡತೆ ಅಭ್ಯಾಸ ಮುಗಿಸಿ ಬಂದಳು. ಅಣ್ಣನ ಮಗಳು. ಕಾಲೇಜು ಸೇರಿದಾಗಿನಿಂದ ಅಂಗಡಿಯ ಹಿಂದಿನ ಕೋಣೆಗಳಲ್ಲಿ ನನ್ನ ಜೊತೆಗಿದ್ದಾಳೆ. ಕಾಲು ನೆಲದ ಮೇಲೆ ನಿಲ್ಲದವಳು ಅಂತ ನಾನೇ ಇಟ್ಟ ಹೆಸರು, ಈಗ ಇಡೀ ಕ್ರೀಡಾಂಗಣ ಅದೇ ಹೆಸರು ಕೂಗುತ್ತದೆ. ರಾಷ್ಟ್ರೀಯ ಶಿಬಿರದ ಆಯ್ಕೆಗಾರರು ಈ ಫೈನಲ್ ನೋಡಲು ಬರುತ್ತಿದ್ದಾರೆ. ನಮ್ಮ ಭಾಗದಿಂದ ಒಬ್ಬಳಿಗೆ ಮಾತ್ರ ಜಾಗ. ಅದು ಮಿಡತೆಗಲ್ಲದೆ ಇನ್ಯಾರಿಗೆ ಸಿಗಬೇಕು?

"ಮೂರು ಮುಂದಿದ್ರೆ ಹಿಂದಿಂದ ಹೋಗಿ ಎರಡೂ ಕೈಲಿ ಸೊಂಟ ತಬ್ಕೊಂಡುಬಿಡು," ಎಂದೆ. "ಕುರುಡನಿಗೂ ಕಾಣ್ಬೇಕು."

"ಕೋಚಮ್ಮ ಬೇಡ ಅಂದಿದಾರೆ ಅತ್ತೆ. ಚೆಂಡಿಗೆ ಕೈ ಹಾಕಿ ಫೌಲ್ ಮಾಡಿ, ಆಗಲ್ಲ ಅಂದ್ರೆ ಬಿಟ್ಟುಬಿಡಿ ಅಂತಾರೆ."

"ನಿಮ್ ಕೋಚಮ್ಮ ಹುಟ್ಟೋಕೆ ಮುಂಚೆ ಆಡಿದವಳು ನಾನು. ಚೆಂಡಿಗೆ ಕೈ ಹಾಕೋಕೆ ಹೋದ್ರೆ ಅವಳು ಜಾರಿಕೊಂಡು ಹೋಗ್ತಾಳೆ."

ಮಿಡತೆ ನಕ್ಕು ಬೂಟಿನ ದಾರ ಬಿಚ್ಚತೊಡಗಿದಳು. ನನ್ನ ಮಾತು ಮೀರುವವಳಲ್ಲ.

ಫೆಬ್ರುವರಿ 8, ಭಾನುವಾರ

ಕೋಪ ಇನ್ನೂ ಇಳಿದಿಲ್ಲ. ಅಕ್ಷರ ಸೊಟ್ಟಗಾದರೆ ಆಗಲಿ, ಓದುವವಳು ನಾನೇ ತಾನೆ.

ನಾವು ಮೂರು ಮುಂದಿದ್ದೆವು. ಗಡಿಯಾರದಲ್ಲಿ ಎಂಟು ಸೆಕೆಂಡು. ಬೆಂಚಿನ ಮೇಲೆ ಏನು ಮಾತಾಡಿದ್ದೆವೋ ಅದೇ ಕಣ್ಣೆದುರು ಬಂದು ನಿಂತಿತ್ತು. ಎದುರಾಳಿಯ ಹುಡುಗಿ ಚೆಂಡು ತಟ್ಟಿಕೊಂಡು ಓಡಿ ಬಂದಳು. ಮಿಡತೆ ಹಿಂದಿನಿಂದ ಹೋಗಿ ಎರಡೂ ಕೈಯಿಂದ ಅವಳ ಸೊಂಟ ಬಳಸಿ ನಿಲ್ಲಿಸಿದಳು. ಅಚ್ಚುಕಟ್ಟು. ನಾನು ಎದ್ದು ಚಪ್ಪಾಳೆ ತಟ್ಟಿದೆ.

ಆ ರೆಫ್ರಿ ಹೆಂಗಸು ಸೀಟಿ ಊದಿದಳು. ಊದಿ, ಒಂದು ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ತಲೆಯ ಮೇಲೆತ್ತಿದಳು. ಮಾಮೂಲಿ ಫೌಲ್ ಅಲ್ಲವಂತೆ. ಕ್ರೀಡಾಧರ್ಮಕ್ಕೆ ವಿರುದ್ಧವಾದ ಫೌಲಂತೆ. ಎರಡು ಫ್ರೀ ಥ್ರೋ ಕೊಟ್ಟು, ಅದರ ಮೇಲೆ ಚೆಂಡನ್ನೂ ಅವರ ಕೈಗೇ ಕೊಟ್ಟಳು. ಎರಡೂ ಬಿತ್ತು. ಆಮೇಲೆ ಬದಿಯಿಂದ ಚೆಂಡು ಒಳಗೆ ಬಂತು, ಅವರ ದೈತ್ಯ ಹುಡುಗಿ ಬುಟ್ಟಿಯ ಕೆಳಗೆ ನಿಂತು ಸಲೀಸಾಗಿ ಹಾಕಿದಳು. ಒಂದು ಪಾಯಿಂಟಿನಿಂದ ಸೋತೆವು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ನಮ್ಮ ಕಡೆಯವರು ಬಾಯಿಗೆ ಬಂದಂತೆ ಬೈದರು. ನಾನೂ ಬೈದೆ. ಆ ಹೆಂಗಸು ತಲೆ ತಗ್ಗಿಸಲಿಲ್ಲ, ಅದು ಇನ್ನೂ ಮೈ ಉರಿಸಿತು.

ಆಮೇಲೆ ಕೋಚಮ್ಮ ಮಿಡತೆಯನ್ನು ಗೋಡೆಗೆ ನಿಲ್ಲಿಸಿ, "ಯಾರು ಹೇಳಿಕೊಟ್ರು ನಿಂಗೆ ಹಾಗೆ ಹಿಡಿಯೋಕೆ?" ಎಂದು ಕೇಳಿದಳು. ನಾನು ನೀರಿನ ಬಾಟಲಿ ಹಿಡಿದುಕೊಂಡು ಅಲ್ಲೇ ಇದ್ದೆ. "ಯಾರೂ ಇಲ್ಲ. ನಂಗೇ ಹಾಗನ್ನಿಸ್ತು," ಎಂದಳು ಮಿಡತೆ. ಜಾಣೆ. ಮನೆಯ ಮಾತು ಹೊರಗೆ ಯಾಕೆ?

ಫೆಬ್ರುವರಿ 10, ಮಂಗಳವಾರ

ಮೇಷ್ಟ್ರು ಇವತ್ತು ಪ್ಲೇಟು ಬದಲಾಯಿಸಿದರು. ಚೆಂಡಿನ ಕಡೆ ನೋಡದೆ ಹಿಂದಿನಿಂದ ಹಿಡಿದರೆ ಅದು ದೊಡ್ಡ ಫೌಲೇ ಅಂತೆ, ನಿಯಮ ಬದಲಾಗಿ ಎಷ್ಟೋ ವರ್ಷವಾಯಿತಂತೆ.

"ಮೊನ್ನೆ ಫೌಲ್ ಮಾಡ್ಬೇಕು ಅಂದೋರು ನೀವೇ ಅಲ್ವಾ?" ಎಂದೆ.

"ಫೌಲ್ ಮಾಡ್ಬೇಕು ಅಂದೆ ಅಕ್ಕ. ತಬ್ಕೊಳ್ಬೇಕು ಅನ್ಲಿಲ್ಲ. ಆ ಹುಡುಗಿಗೆ ಯಾರು ಹೇಳಿಕೊಟ್ರೋ."

ನನಗೆ ರೇಗಿತು. ಆಟ ಅನ್ನುವುದು ಪುಸ್ತಕದಲ್ಲಿಲ್ಲ, ಅಂಕಣದಲ್ಲಿದೆ. ಫೈನಲ್ಲಿನ ಕೊನೆ ಗಳಿಗೆಯಲ್ಲಿ ಯಾವ ರೆಫ್ರಿಯೂ ಹಾಗೆ ಕೊಡುವುದಿಲ್ಲ, ಸ್ವಲ್ಪ ಕಣ್ಣು ಮುಚ್ಚುತ್ತಾರೆ. ಕಣ್ಣು ಮುಚ್ಚದವರಿಗೆ ಏನೋ ಉದ್ದೇಶ ಇರಲೇಬೇಕು. ಹೀಗೆಂದಾಗ ಔಷಧಿ ಅಂಗಡಿಯ ಅಮ್ಮ ಹೌದೌದು ಎಂದಳು. ಬಸ್ಸಣ್ಣ ಆ ರೆಫ್ರಿಯ ಜಾತಕವನ್ನೇ ತಂದಿದ್ದರು. ಹೊಟ್ಟೆಪಾಡಿಗೆ ಕಾರು ಕಲಿಸುತ್ತಾಳಂತೆ, ಡ್ರೈವಿಂಗ್ ಸ್ಕೂಲಿನವಳು. ದಿನಾ ನಮ್ಮ ಬೀದಿಯಲ್ಲೇ ಹೋಗುವ, ನೆತ್ತಿಯ ಮೇಲೆ ಹಳದಿ ಬೋರ್ಡು ಹೊತ್ತ ಆ ಬಿಳಿ ಕಾರು ಅವಳದೇ ಅಂತೆ.

"ಸರಿ ಹೋಯ್ತು ಬಿಡಿ," ಎಂದೆ. "ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿಲ್ದೋರು ಊರಿಗೆಲ್ಲ ಕಾರು ಕಲಿಸ್ತಿದಾರೆ."

ಮೇಷ್ಟ್ರೂ ನಕ್ಕುಬಿಟ್ಟರು.

ಫೆಬ್ರುವರಿ 13, ಶುಕ್ರವಾರ

ಎಷ್ಟೋ ದಿನದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಉಪಾಯ ನನ್ನದೇ. ಬಸ್ಸಣ್ಣ ಆಟದ ಸಾಮಾನಿನ ಅಂಗಡಿಯಿಂದ ಪ್ಲಾಸ್ಟಿಕ್ ಸೀಟಿ ತಂದು ಬೆಂಚಿನವರಿಗೆಲ್ಲ ಹಂಚಿದರು. ನನ್ನ ಹತ್ತಿರ ಹಳೆಯ ಲೋಹದ ಸೀಟಿಯೇ ಇತ್ತು, ಅದನ್ನು ಹುಡುಕಿ ತೆಗೆದೆ. ಬಿಳಿ ಕಾರು ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಊದಿದೆವು. ಒಳಗೆ ಕಲಿಯುತ್ತಿದ್ದವರು ಯಾರೋ ವಯಸ್ಸಾದವರು, ಪಾಪ, ಗಾಬರಿಯಾಗಿ ಬ್ರೇಕು ತುಳಿದರು. ಕಾರು ಬೀದಿಯ ನಡುವೆ ನಿಂತುಹೋಯಿತು. ಹಿಂದೆ ಹಾರ್ನೋ ಹಾರ್ನು. ಔಷಧಿ ಅಂಗಡಿಯ ಅಮ್ಮ ಮಣಿಕಟ್ಟು ಹಿಡಿದು ಕೈ ಮೇಲೆತ್ತಿ ತೋರಿಸಿದಳು. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ಬಂತು.

ಪ್ಲಾಸ್ಟಿಕ್ಕಿನವು ಪೀ ಪೀ ಅನ್ನುತ್ತವೆ ಅಷ್ಟೆ. ನನ್ನದರದು ನಿಜವಾದ ರೆಫ್ರಿ ಸೀಟಿಯಂತೆ ಕಿವಿಯನ್ನು ಕೊರೆಯುವ ಸದ್ದು. "ಅಕ್ಕ ಊದಿದ್ರೆ ನಂಗೂ ಬ್ರೇಕ್ ತುಳಿಯೋ ಹಾಗಾಗುತ್ತೆ," ಎಂದರು ಬಸ್ಸಣ್ಣ.

ಫೆಬ್ರುವರಿ 16, ಸೋಮವಾರ

ಈಗ ಎದುರು ಸಾಲಿನ ಅಂಗಡಿಯವರೂ ಊದುತ್ತಾರೆ. ಸಿಗ್ನಲ್ಲಿನಲ್ಲಿ ನಿಂತ ಬೈಕಿನವರೂ ಊದುತ್ತಾರೆ. ಅವರಲ್ಲಿ ಅರ್ಧ ಜನ ಆಟವನ್ನೇ ನೋಡಿಲ್ಲ.

ಮಧ್ಯಾಹ್ನ ಬಿಳಿ ಕಾರು ಅಂಗಡಿಯ ಮುಂದೆಯೇ ನಿಂತಿತು. ಅವಳೇ ಇಳಿದು ಒಳಗೆ ಬಂದಳು. ಹತ್ತಿರದಿಂದ ನೋಡಿದರೆ ಅಂಥ ಗಟ್ಟಿಗಿತ್ತಿಯೇನಲ್ಲ. ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು, ಕಣ್ಣ ಕೆಳಗೆ ಕಪ್ಪಾಗಿತ್ತು. ಬೆಂಚು ಖಾಲಿ ಇತ್ತು, ಊಟದ ಹೊತ್ತು.

"ನೀವು ಆಡಿದೋರು ಅಂತ ಕೇಳಿದೆ," ಎಂದಳು. "ಒಂದೇ ಮಾತು ಕೇಳ್ತೀನಿ. ನಿಮ್ಮ ಹುಡುಗಿ ಆವತ್ತು ಚೆಂಡಿನ ಕಡೆ ಕೈ ಚಾಚಿದ್ಲಾ?"

ನಾನು ಚೀಲದ ಪಟ್ಟಿಗೆ ಮೊಳೆ ಬಡಿಯುತ್ತಲೇ ಇದ್ದೆ.

"ಕಲಿಯೋಕೆ ಬರೋರು ಬಿಟ್ಟು ಹೋಗ್ತಿದಾರೆ. ಅದಿರ್ಲಿ, ಹೇಗೋ ಮಾಡ್ಕೊಳ್ತೀನಿ. ಬರೋ ಭಾನುವಾರ ಎರಡನೇ ಆಟಕ್ಕೆ ಈ ಸೀಟಿಗಳನ್ನ ಕ್ರೀಡಾಂಗಣಕ್ಕೆ ಮಾತ್ರ ತರಬೇಡಿ. ಆಡೋ ಮಕ್ಕಳು ಆ ಸದ್ದನ್ನ ನಂಬ್ಕೊಂಡು ಓಡ್ತಿರ್ತಾರೆ. ನಿಮಗೆ ಹೇಳ್ಬೇಕಾ?"

"ಕಾರು ಅಡ್ಡ ನಿಂತಿದೆ. ಗಿರಾಕಿಗಳಿಗೆ ದಾರಿ ಬಿಡಿ," ಎಂದೆ.

ಅವಳು ಹೋದಳು. ಚೆನ್ನಾಗಿ ಹೇಳಿದೆ ಅಂತ ಆ ಗಳಿಗೆಯಲ್ಲಿ ಅನ್ನಿಸಿತ್ತು. ಮೊಳೆ ಮಾತ್ರ ಸೊಟ್ಟ ಹೋಗಿ ಪಟ್ಟಿ ಸೀಳಿತು. ಅದನ್ನು ಬಿಚ್ಚಿ ಹೊಸದು ಹಾಕಬೇಕಾಯಿತು.

ಫೆಬ್ರುವರಿ 18, ಬುಧವಾರ

ಮಿಡತೆಯ ಜೊತೆ ಜಟಾಪಟಿ.

"ಅತ್ತೆ, ಸಾಕು ಮಾಡು. ಆ ಮೇಡಂ ಕೊಟ್ಟಿದ್ದು ಸರಿ ಇತ್ತು."

"ಯಾರ ಪರವಾಗಿ ಮಾತಾಡ್ತಿದ್ದೀಯ ನೀನು? ನಾನು ಇಷ್ಟೆಲ್ಲ ಮಾಡ್ತಿರೋದು ಯಾರಿಗೋಸ್ಕರ?"

"ನಂಗೊತ್ತಿಲ್ಲ ಅತ್ತೆ," ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಈ ವಯಸ್ಸಿನ ಮಕ್ಕಳಿಗೆ ಕೃತಜ್ಞತೆ ಅಂದರೆ ಏನಂತ ತಿಳಿಯುವುದಿಲ್ಲ.

ಫೆಬ್ರುವರಿ 20, ಶುಕ್ರವಾರ

ಗೆದ್ದೆವು. ಡ್ರೈವಿಂಗ್ ಸ್ಕೂಲಿನವಳು ಫೈನಲ್ಲಿನಿಂದ ಹಿಂದೆ ಸರಿದಿದ್ದಾಳೆ. ಬಿಳಿ ಕಾರಿನ ನೆತ್ತಿಯ ಬೋರ್ಡೂ ಕಾಣುತ್ತಿಲ್ಲ, ಕಲಿಸುವುದನ್ನೇ ನಿಲ್ಲಿಸಿದಳಂತೆ. ಹೊಸ ರೆಫ್ರಿ ಒಬ್ಬ ಹುಡುಗನಂತೆ, ಇಷ್ಟು ದೊಡ್ಡ ಆಟ ಇದೇ ಮೊದಲಂತೆ. ಅವನನ್ನು ಹದ್ದುಬಸ್ತಿನಲ್ಲಿಡಲು ಸೀಟಿಗಳನ್ನು ತೆಗೆದುಕೊಂಡು ಹೋಗುವುದು ಅಂತ ಬೆಂಚಿನಲ್ಲಿ ತೀರ್ಮಾನವಾಯಿತು. ಮೇಷ್ಟ್ರು, "ಬೇಡ ಅನ್ಸುತ್ತೆ," ಅಂದರು. ಅವರಿಗೆ ಎಲ್ಲದಕ್ಕೂ ಅನ್ನಿಸುತ್ತಿರುತ್ತದೆ.

ಫೆಬ್ರುವರಿ 22, ಭಾನುವಾರ

ಮಿಡತೆ ಆಸ್ಪತ್ರೆಯಲ್ಲಿದ್ದಾಳೆ. ಇವತ್ತು ಬರೆಯಲಾರೆ.

ಫೆಬ್ರುವರಿ 24, ಮಂಗಳವಾರ

ಬಲ ಮೊಣಕಾಲಿನ ಒಳಗಿನ ಕಟ್ಟು, ಲಿಗಮೆಂಟ್ ಅಂತಾರಲ್ಲ ಅದು, ಪೂರ್ತಿ ಹರಿದಿದೆ. ಆಪರೇಷನ್ ಆಗಬೇಕು. ಮತ್ತೆ ಓಡಲು ವರ್ಷ ಹಿಡಿಯುತ್ತದೆ ಅಂದರು ಡಾಕ್ಟರು. ಮೊದಲಿನ ಹಾಗೆ ಆಡುತ್ತಾಳಾ ಅಂತ ಕೇಳಿದ್ದಕ್ಕೆ, "ನೋಡೋಣಮ್ಮ," ಅಂದರು. ಅಣ್ಣನಿಗೆ ಫೋನಿನಲ್ಲಿ ಹೇಳುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು.

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ಮೊದಲರ್ಧ ಪೂರ್ತಿ ನಮ್ಮವರು ಸೀಟಿ ಊದಿದರು. ಎರಡು ಸಲ ಮೈಕಿನಲ್ಲಿ ಎಚ್ಚರಿಕೆ ಕೊಟ್ಟರು, ಯಾರು ಕೇಳುತ್ತಾರೆ? ಎದುರಾಳಿಗಳು ಯಾವ ಸದ್ದಿಗೂ ನಿಲ್ಲದೆ ರೆಫ್ರಿಯ ಕೈಯನ್ನೇ ನೋಡಿಕೊಂಡು ಆಡತೊಡಗಿದರು. ನಮ್ಮ ಹುಡುಗಿಯರಿಗೆ ಪ್ಲಾಸ್ಟಿಕ್ಕಿನ ಪೀ ಪೀ ಬೇರೆ, ರೆಫ್ರಿಯ ಸೀಟಿ ಬೇರೆ ಅಂತ ಗೊತ್ತಾಗುತ್ತಿತ್ತು. ನಾನು ಅಲ್ಲಿಯವರೆಗೆ ಊದಿರಲಿಲ್ಲ. ಕತ್ತಿನಲ್ಲಿ ನೇತುಹಾಕಿಕೊಂಡಿದ್ದೆ ಅಷ್ಟೆ.

ಕೊನೆಯ ಅರ್ಧ ನಿಮಿಷ, ನಾವು ಒಂದು ಮುಂದೆ. ಉಸಿರು ಬಿಗಿಹಿಡಿದು ಎಲ್ಲರೂ ಸುಮ್ಮನಾಗಿದ್ದರು. ಎದುರಾಳಿಯ ಹುಡುಗಿ ಚೆಂಡು ಹಿಡಿದುಕೊಂಡು ನಿಯಮಕ್ಕಿಂತ ಒಂದು ಹೆಜ್ಜೆ ಹೆಚ್ಚಿಗೆ ಇಟ್ಟಳು. ನಾನು ಕಣ್ಣಾರೆ ಕಂಡೆ. ಆ ಹೊಸ ಹುಡುಗ ನೋಡಿಯೂ ಸುಮ್ಮನಿದ್ದ. ಸೀಟಿ ಬಾಯಿಗೆ ಹೇಗೆ ಬಂತೋ, ಊದಿಬಿಟ್ಟೆ.

ಮಿಡತೆ ನಿಂತಳು. ಕೈ ಕೆಳಗೆ ಬಿಟ್ಟು, ಕಾಲು ಸಡಿಲಿಸಿ, ರೆಫ್ರಿಯ ಕಡೆ ತಿರುಗಿದಳು. ಬೇರೆ ಯಾರೂ ನಿಲ್ಲಲಿಲ್ಲ. ಬುಟ್ಟಿಯ ಕಡೆ ನುಗ್ಗುತ್ತಿದ್ದ ಅವರ ದೈತ್ಯ ಹುಡುಗಿ ಬಂದ ರಭಸದಲ್ಲೇ ಅವಳ ಮೇಲೆ ಬಿದ್ದಳು. ಮಿಡತೆಯ ಮೊಣಕಾಲು ಮಡಚಬಾರದ ಕಡೆಗೆ ಮಡಚಿಕೊಂಡಿತು. ಅವಳು ಕೂಗಿದ್ದು ನಾನು ಕೂತಲ್ಲಿಗೆ ಕೇಳಿಸಿತು.

ಅಷ್ಟರಲ್ಲಿ ಆ ಹೆಜ್ಜೆ ಇಟ್ಟವಳು ಹಾಕಿದ ಬುಟ್ಟಿಯನ್ನೂ ಲೆಕ್ಕಕ್ಕೆ ಹಿಡಿದರು. ಸೋತೆವು, ಕಪ್ಪೂ ಹೋಯಿತು. ಅದನ್ನು ಯಾಕೆ ಬರೆಯುತ್ತಿದ್ದೇನೋ.

ಅಲ್ಲಿ ಎಲ್ಲರ ಕೈಯಲ್ಲೂ ಸೀಟಿ ಇತ್ತು.

ಫೆಬ್ರುವರಿ 26, ಗುರುವಾರ

ಬೆಂಚು ತುಂಬಿತ್ತು. ಎಲ್ಲರದೂ ಒಂದೇ ಮಾತು: ಆ ಹೊಸ ರೆಫ್ರಿ ಸೀಟಿ ಊದಿದ, ಹುಡುಗಿ ಬಿದ್ದದ್ದನ್ನು ನೋಡಿ ಊದಲೇ ಇಲ್ಲ ಅಂತ ಸಾಧಿಸುತ್ತಿದ್ದಾನೆ.

"ನಂದು ಆಗ ಜೇಬಲ್ಲಿತ್ತು," ಎಂದರು ಬಸ್ಸಣ್ಣ. "ಆ ಹೊತ್ತಲ್ಲಿ ಊದೋಕೆ ಯಾರಿಗೆ ಉಸಿರಿತ್ತು?"

"ನಂದೂ ಚೀಲದಲ್ಲೇ ಇತ್ತು," ಎಂದಳು ಔಷಧಿ ಅಂಗಡಿಯ ಅಮ್ಮ. "ಅದು ಪ್ಲಾಸ್ಟಿಕ್ ಸದ್ದೇ ಅಲ್ಲ ಅಕ್ಕ. ರೆಫ್ರಿದೇ. ನಿಮಗೂ ಕೇಳಿಸ್ತಲ್ವಾ?"

ನಾನು ಇವರಿಂದ ಎರಡು ಸಾಲು ಹಿಂದೆ ಕೂತಿದ್ದೆ. ಕೇಳಿಸಿತು ಎಂದೆ. ಸುಳ್ಳೇನಲ್ಲ.

ಮೇಷ್ಟ್ರು ಬ್ಯಾಸ್ಕೆಟ್‌ಬಾಲ್ ಸಂಘದ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದರು. ಶನಿವಾರ ವಿಚಾರಣೆ. ಸೀಟಿ ಕೇಳಿ ನಿಂತದ್ದಾದರೆ ಅದು ಮಿಡತೆಯ ತಪ್ಪಲ್ಲ, ಶಿಬಿರದ ಜಾಗವನ್ನು ಅವಳಿಗಾಗಿ ಒಂದು ವರ್ಷ ಕಾಯ್ದಿಡುತ್ತಾರೆ. ಊದಿದ್ದು ರೆಫ್ರಿಯಾದರೂ ಸರಿ, ನೋಡಲು ಬಂದವರಾದರೂ ಸರಿ, ಯಾರಂತ ಗೊತ್ತಾಗಬೇಕು. ರೆಫ್ರಿಯಾದರೆ ಅವನ ಕೆಲಸ ಹೋಗುತ್ತದೆ. ನೋಡಲು ಬಂದವರಾದರೆ ಅವರು ಮತ್ತೆ ಜನ್ಮದಲ್ಲಿ ಕ್ರೀಡಾಂಗಣಕ್ಕೆ ಕಾಲಿಡುವಂತಿಲ್ಲ. ತನ್ನಷ್ಟಕ್ಕೆ ತಾನೇ ನಿಂತಳು ಅಂತಾದರೆ ಜಾಗ ಮುಂದಿನವಳಿಗೆ ಹೋಗುತ್ತದೆ. ಯಾರದೋ ಫೋನಿನ ವಿಡಿಯೋದಲ್ಲಿ ಬರೀ ಗದ್ದಲವಂತೆ.

"ಯೋಚ್ನೆ ಮಾಡ್ಬೇಡಿ ಅಕ್ಕ," ಎಂದರು ಬಸ್ಸಣ್ಣ. "ನಾವೆಲ್ಲ ಒಂದೇ ಮಾತು ಹೇಳ್ತೀವಿ. ಮಗೂಗೆ ಜಾಗ ಕೊಡಿಸೇ ಕೊಡಿಸ್ತೀವಿ."

ಇವರೆಲ್ಲ ಎಷ್ಟು ಒಳ್ಳೆಯವರು ಅನ್ನಿಸಿತು. ಹಾಗಂದುಕೊಂಡೇ ಕೆಲಸಕ್ಕೆ ಕೂತೆ. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಔಷಧಿ ಅಂಗಡಿಯ ಅಮ್ಮನೇ ಪೋಣಿಸಿಕೊಟ್ಟಳು.

ಫೆಬ್ರುವರಿ 28, ಶನಿವಾರ

ಸಂಘದ ಕಚೇರಿಯ ವರಾಂಡದಲ್ಲಿ ಆ ಹೊಸ ರೆಫ್ರಿ ಒಬ್ಬನೇ ಕುರ್ಚಿಯ ತುದಿಯಲ್ಲಿ ಕೂತಿದ್ದ. ಇಪ್ಪತ್ತೈದು ದಾಟಿರಲಾರದು. ನಾನು ಮಿಡತೆಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದಾಗ ಎದ್ದು ನಿಂತು, "ಕಾಲು ಹೇಗಿದೆ?" ಎಂದು ಕೇಳಿದ. ಮಿಡತೆ, "ಪರವಾಗಿಲ್ಲ," ಎಂದಳು. ನಾನು ಅವನ ಕಡೆ ನೋಡಲಿಲ್ಲ.

ಒಳಗೆ ಅವನೆದುರಿಗೇ ಬಸ್ಸಣ್ಣ, ಊದಿದ್ದು ರೆಫ್ರಿಯೇ ಅಂತ ಹೇಳಿದರು. ಔಷಧಿ ಅಂಗಡಿಯ ಅಮ್ಮನೂ ಅದೇ ಹೇಳಿದಳು. ಮೇಷ್ಟ್ರು, "ಸೀಟಿ ಕೇಳಿಸ್ತು, ಯಾರದು ಅಂತ ನಾನು ನೋಡ್ಲಿಲ್ಲ," ಎಂದು ನುಣುಚಿಕೊಂಡರು. ನನ್ನನ್ನು ಕೇಳಿದರು. "ಎಲ್ಲರೂ ಹೇಳಿದ ಹಾಗೇ," ಎಂದೆ. ಆಮೇಲೆ ಮಿಡತೆಯನ್ನು ಕೇಳಿದರು.

"ಯಾವ ಸೀಟೀನೂ ಕೇಳಿಸ್ಲಿಲ್ಲ," ಎಂದಳು. "ಈ ಸರ್ ಊದಿಲ್ಲ. ಇವರ ಕೈ ನನ್ನ ಕಣ್ಣ ಮುಂದೇ ಇತ್ತು. ನಾನೇ ನಿಂತೆ."

"ಯಾಕಮ್ಮ ನಿಂತೆ?"

"ಸುಸ್ತಾಗಿತ್ತು."

ಸುಸ್ತಂತೆ. ಆಟದ ನಾಲ್ಕೂ ಕ್ವಾರ್ಟರು ಓಡಿ ಮನೆಗೆ ಬಂದು ಹಗ್ಗದಾಟ ಆಡುವವಳು. ಬಸ್ಸಣ್ಣನ ಮುಖ ಕಪ್ಪಿಟ್ಟಿತು. ಅಷ್ಟೂ ಜನರನ್ನು ಸುಳ್ಳುಗಾರರನ್ನಾಗಿ ಮಾಡಿದಳು. ಕೋಣೆಯ ಮೂಲೆಯಲ್ಲಿ ಆ ಹುಡುಗ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಳ್ಳುತ್ತಿದ್ದ. ಬೇರೆ ಯಾರಿಗಾದರೂ ಹೇಳುವುದಿದ್ದರೆ ಬುಧವಾರದೊಳಗೆ ಬಂದು ಹೇಳಬಹುದು ಅಂತ ಅಧ್ಯಕ್ಷರು ಎದ್ದರು.

ಟ್ಯಾಕ್ಸಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ಯಾಕೆ ಹಾಗಂದೆ? ಜಾಗ ಕೈಯಲ್ಲಿತ್ತು. ಕೈಯಾರೆ ಕಳ್ಕೊಂಡ್ಯಲ್ಲ."

"ಅವರು ಊದಿಲ್ಲ ಅತ್ತೆ. ಮಾಡದೇ ಇರೋದಕ್ಕೆ ಅವರ ಕೆಲ್ಸ ಹೋಗ್ಬೇಕಾ?"

"ಹಾಗಾದ್ರೆ ಯಾರೋ ಜನ ಊದಿದ್ರು ಅನ್ನಬೇಕಿತ್ತು. ಏನೂ ಕೇಳಿಸ್ಲಿಲ್ಲ ಅಂತ ಯಾಕಂದೆ?"

"ಯಾರು ಅಂತ ಕೇಳ್ತಿದ್ರು."

"ಗೊತ್ತಿಲ್ಲ ಅನ್ನೋದು."

ಅವಳು ಕಿಟಕಿಯ ಕಡೆ ತಿರುಗಿದಳು. "ಗೊತ್ತಿತ್ತು ಅತ್ತೆ. ತಿರುಗಿದಾಗ ನೋಡಿದೆ. ನಿನ್ನ ಬಾಯಲ್ಲೇ ಇತ್ತು," ಎಂದಳು. ಗಾಜು ಮೇಲೇರಿಸುತ್ತಾ, "ನಾನು ಯಾರಿಗೂ ಹೇಳಲ್ಲ ಬಿಡು," ಎಂದಳು.

ಮನೆ ಬರುವವರೆಗೆ ನಾನು ಮೀಟರನ್ನೇ ನೋಡುತ್ತಿದ್ದೆ. ಚಾಲಕನ ಮುಂದೆ ಏನು ಮಾತಾಡುವುದು?

ಮಾರ್ಚ್ 2, ಸೋಮವಾರ

ಹೋಗಿ ಹೇಳಿದರೆ ಏನಾಗುತ್ತದೆ? ಕ್ರೀಡಾಂಗಣಕ್ಕೆ ಬಿಡುವುದಿಲ್ಲ, ಅಷ್ಟೆ ತಾನೆ. ಅಷ್ಟೇ ಅಲ್ಲ. ಬೆಂಚು ಖಾಲಿಯಾಗುತ್ತದೆ. ಇಡೀ ಬೀದಿ ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ಏನು ಮಾಡುತ್ತದೆ ಅಂತ ನನಗೆ ಗೊತ್ತು. ಹೇಳಿಕೊಟ್ಟವಳೇ ನಾನಲ್ಲವೇ. ಅಣ್ಣನಿಗೆ ಯಾವ ಮುಖ ಹೊತ್ತು ಹೇಳಲಿ? ನನಗೆ ಹೆದರಿಕೆಯಾಗುತ್ತಿದೆ. ಈ ವಯಸ್ಸಿನಲ್ಲಿ ಇಷ್ಟು ಹೆದರಿಕೆ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಇನ್ನೂ ಎರಡು ದಿನ ಇದೆ. ಬುಧವಾರ ಬೆಳಿಗ್ಗೆ ಹೋಗುತ್ತೇನೆ.

ಮಾರ್ಚ್ 4, ಬುಧವಾರ

ಹೋಗಲಿಲ್ಲ. ಶಾಲೆ ಚೀಲಗಳ ಕೆಲಸ ರಾಶಿ ಬಿದ್ದಿತ್ತು, ಎಲ್ಲದಕ್ಕೂ ಝಿಪ್ಪು ಹಾಕಬೇಕಿತ್ತು. ಸಂಜೆ ತಲೆ ಎತ್ತಿದಾಗ ಕಚೇರಿ ಮುಚ್ಚುವ ಹೊತ್ತಾಗಿತ್ತು. ಬೆಳಿಗ್ಗೆ ನಾನು ಒಳ್ಳೆಯ ಸೀರೆ ಉಟ್ಟದ್ದನ್ನು ಮಿಡತೆ ನೋಡಿದ್ದಳು. ಸಂಜೆ ಅದೇ ಸೀರೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದನ್ನೂ ನೋಡಿದಳು.

ಮಾರ್ಚ್ 6, ಶುಕ್ರವಾರ

ಆಟಗಾರ್ತಿಯ ಅಜಾಗರೂಕತೆ ಅಂತ ವರದಿ ಬಂತು. ಶಿಬಿರದ ಜಾಗ ಎದುರಾಳಿಯ ಕಾಲೇಜಿನವಳಿಗೆ ಹೋಯಿತು. ಹೆಚ್ಚಿಗೆ ಹೆಜ್ಜೆ ಇಟ್ಟಳಲ್ಲ, ಅವಳಿಗೇ.

ಮಿಡತೆ ಅವಳಿಗೆ ಫೋನು ಮಾಡಿ ಅಭಿನಂದನೆ ಹೇಳಿದಳು. ನಾನು ಅಡುಗೆಮನೆಯಲ್ಲಿದ್ದೆ.

ಮಾರ್ಚ್ 9, ಸೋಮವಾರ

ಒಂದು ವಾರ ದೂರ ಉಳಿದಿದ್ದ ಬೆಂಚಿನವರು ಇವತ್ತು ಮತ್ತೆ ಬಂದರು. ಮೊದಲು ಬಿಸಿಲಿನ ಮಾತು, ಆಮೇಲೆ ಮೇಷ್ಟ್ರ ಬೆನ್ನು ನೋವಿನ ಮಾತು. ಆಮೇಲೆ ಆಟದ ಮಾತು ಬಂದೇ ಬಂತು. ಬರದೆ ಎಲ್ಲಿ ಹೋಗುತ್ತದೆ?

"ಒಂದು ಮುಂದಿದ್ದಾಗ, ಅರ್ಧ ನಿಮಿಷ ಇರೋವಾಗ ಸುಸ್ತಾಯ್ತು ಅಂತ ನಿಂತುಬಿಡೋದು ಅಂದ್ರೆ ಏನು ಹೇಳಿ," ಎಂದರು ಬಸ್ಸಣ್ಣ. ವಿಚಾರಣೆಯಲ್ಲಿ ಆದ ಅವಮಾನ ಅವರಿಗಿನ್ನೂ ಆರಿಲ್ಲ. "ಸುಸ್ತಾದ್ರೆ ಕೈ ಎತ್ತಿ ಹೊರಗೆ ಬರ್ಬೇಕು. ಇನ್ನೊಬ್ಳು ಒಳಗೆ ಹೋಗ್ತಾಳೆ."

"ಮೊದಲನೇ ಆಟದಲ್ಲೂ ಅಷ್ಟೆ. ಕೋಚ್ ಬೇಡ ಅಂದ್ರೂ ತಬ್ಕೊಂಡ್ಲಂತಲ್ಲ," ಎಂದಳು ಔಷಧಿ ಅಂಗಡಿಯ ಅಮ್ಮ. "ಪಾಪ, ಮಗು ಒಳ್ಳೇದೇ. ಆದ್ರೆ ಕೊನೇ ಗಳಿಗೇಲಿ ಬುದ್ಧಿ ಓಡಲ್ಲ."

"ಮೆಲ್ಲಗೆ ಮಾತಾಡಿ, ಒಳಗಿದಾಳೆ," ಎಂದರು ಮೇಷ್ಟ್ರು.

"ನಾನು ಆಟದ ವಿಷ್ಯ ಹೇಳ್ತಿದೀನಿ. ಮನಸ್ಸಿಗೆ ಹಚ್ಕೊಳ್ಳೋಕೇನಿದೆ? ಅಕ್ಕ, ಆಡಿದೋರು ನೀವು. ನಮ್ಮವಳು ಅನ್ನೋದನ್ನ ಬದಿಗಿಟ್ಟು ಹೇಳಿ. ತಪ್ಪು ಯಾರದು?" ಎಂದರು ಬಸ್ಸಣ್ಣ.

ಅಂಗಡಿಗೂ ಕೋಣೆಗೂ ನಡುವೆ ಇರುವುದು ಒಂದು ಪರದೆ. ಅದರ ಹಿಂದೆ ಮಿಡತೆ ಕಾಲು ಚಾಚಿಕೊಂಡು ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದಳು. ಎಣಿಸುತ್ತಿದ್ದ ಸಣ್ಣ ದನಿ ಕೇಳಿಸುತ್ತಿತ್ತು. ಅದು ನಿಂತಿತು. ಮೂವರೂ ನನ್ನನ್ನೇ ನೋಡುತ್ತಿದ್ದರು. ನಾನು ಕೈಯಲ್ಲಿದ್ದ ಚೀಲವನ್ನು ತಿರುಗಿಸಿ ಹಿಡಿದೆ.

"ಸೀಟಿ ಆಗದೆ ನಿಲ್ಲಬಾರ್ದು," ಎಂದೆ. "ಅವಳದೇ ತಪ್ಪು."

ಬಸ್ಸಣ್ಣ ತೊಡೆ ತಟ್ಟಿದರು. ನ್ಯಾಯ ಅಂದರೆ ಹೀಗಿರಬೇಕು, ಸ್ವಂತ ಮಗುವಾದರೂ ಅಕ್ಕ ಪಕ್ಷಪಾತ ಮಾಡುವವರಲ್ಲ ಎಂದರು.

ಪರದೆ ಸರಿಯಿತು. ಮಿಡತೆ ಎರಡೂ ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ನಿಂತಿದ್ದಳು. ಬೆಂಚಿನವರು ತಲೆ ತಗ್ಗಿಸಿದರು.

"ಅತ್ತೆ ಹೇಳಿದ್ದು ಸರಿ," ಎಂದಳು. "ನಂದೇ ತಪ್ಪು. ಕೂತ್ಕೊಳ್ಳಿ, ಎಲ್ಲರಿಗೂ ಟೀ ಮಾಡ್ತೀನಿ. ನಂಗೆ ಹಿಡ್ಕೊಂಡು ಬರೋಕಾಗಲ್ಲ, ಮೇಷ್ಟ್ರೇ ನೀವು ಸ್ವಲ್ಪ ಬನ್ನಿ."

ಮೇಷ್ಟ್ರು ಎದ್ದು ಅವಳ ಹಿಂದೆ ಹೋದರು. ಬಸ್ಸಣ್ಣ ಮುಂದಿನ ಸಲದ ಹೊಸ ತಂಡದಲ್ಲಿ ಯಾರು ಯಾವ ಜಾಗಕ್ಕೆ ಆಡಬಹುದು ಅಂತ ಶುರು ಮಾಡಿದರು. ನಾನು ತಲೆಯಾಡಿಸುತ್ತಾ ಹೊಲಿಯುತ್ತಿದ್ದೆ. ಒಳಗೆ ಲೋಟಗಳ ಸದ್ದಾಯಿತು. "ಅತ್ತೇದಕ್ಕೆ ಸಕ್ಕರೆ ಹಾಕ್ಬೇಡಿ ಮೇಷ್ಟ್ರೇ," ಎಂದು ಅವಳು ಹೇಳುವುದು ಕೇಳಿಸಿತು. "ಡಾಕ್ಟರು ಬೇಡ ಅಂದಿದಾರೆ."